ಹಗೇವಿನ ಮೇಲೆ ಕೂತ ಮಕ್ಕಳು

ಬೇಸಿಗೆ ರಜೆಯಲ್ಲಿ ಶಾಲೆಗೆ ಹೋಗುವ ಕೆಲಸ ನನಗೇನೂ ಇರಲಿಲ್ಲ. ನೌಕರಿ ಮುಗಿದು ಎಷ್ಟೋ ವರ್ಷವಾಗಿತ್ತು. ಆದರೆ ಗಂಟೆಯ ಸದ್ದಿಗೆ ಏಳುತ್ತ ಕೂರುತ್ತ ಆಯುಷ್ಯ ಕಳೆದ ಮಾಸ್ತರಿಣಿಯ ಕಾಲುಗಳಿಗೆ ಬೇರೆ ದಾರಿ ಗೊತ್ತಿರುವುದಿಲ್ಲ. ಆ ವರ್ಷ ಮಳೆ ಕಡಿಮೆಯಾಗಿತ್ತೆಂದು ರಜೆಯಲ್ಲೂ ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕುವ ಏರ್ಪಾಟಾಗಿತ್ತು. ಶಹಾಪುರದ ನಮ್ಮ ಓಣಿಯ ಶಾಲೆಯಲ್ಲಿ ಅಡಿಗೆ ಮಾಡುವ ಸಿದ್ದಮ್ಮ, ಸುಮ್ಮನೆ ಮನೆಯಲ್ಲಿ ಕೂತು ಏನು ಮಾಡುತ್ತೀರಿ, ಬಂದು ಸಾಲು ಹಚ್ಚಿ ಕೂರಿಸಿರಿ ಎಂದಳು. ಯಾರಾದರೂ ಸಾಲು ಹಚ್ಚು ಎಂದರೆ ನಾನು ಸ್ವರ್ಗದಿಂದಲೂ ಎದ್ದು ಬಂದೇನು. ಹೋದೆ.

ಸಿದ್ದಮ್ಮ ಮೂಲೆಯಲ್ಲಿದ್ದ ಹಳೆಯ ಮೂಟೆಯೊಂದರ ಬಾಯಿ ಬಿಚ್ಚಿದಳು. ಎಷ್ಟು ದಿನ ಮುಚ್ಚಿಟ್ಟಿದ್ದರೋ, ಬೆಚ್ಚಗಿನ ಒಂದು ಉಸಿರು ಹೊರಗೆ ಬಂತು. ಹುಳಿ, ಬೂದಿ, ಹಳೆಯ ಹುಲ್ಲು, ಸ್ವಲ್ಪ ಹೆಂಡದಂಥದು, ಎಲ್ಲ ಬೆರೆತ ವಾಸನೆ. "ಮುಗ್ಗ ಬಡದಾದ್ರಿ ಅಕ್ಕಾರ, ಇದು ಬ್ಯಾಡ" ಎಂದು ಆಕೆ ಮೂಟೆಯನ್ನು ಹೊರಗೆಳೆದಳು. ನಾನು ಮಾತ್ರ ಗೋಡೆ ಹಿಡಿದು ನಿಂತಿದ್ದೆ.

ಆ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ಅದು ಹಗೇವಿನ ವಾಸನೆ. ನಮ್ಮ ಕಡೆ ಹಿಂದೆಲ್ಲ ಜೋಳವನ್ನು ನೆಲದೊಳಗೆ ತೋಡಿದ ಕುಣಿಯಲ್ಲಿ ತುಂಬಿಡುತ್ತಿದ್ದರು. ಕುಣಿಯ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು. ಕೆಳಗೆ ಹೋದಂತೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ಸುತ್ತ ಹುಲ್ಲು ಇಟ್ಟು, ಬೂದಿ ಹಾಕಿ, ಮೇಲೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಜೋಳ ವರ್ಷಗಟ್ಟಲೆ ಕೆಡದೆ ಕೂರುತ್ತಿತ್ತು. ಆದರೆ ತೆಗೆಯುವ ದಿನ ಮಾತ್ರ ಹುಷಾರಾಗಿರಬೇಕು. ಒಳಗಿನ ಗಾಳಿ ಕೆಟ್ಟಿರುತ್ತದೆ. ಮೊದಲು ದಾರಕ್ಕೆ ಕಟ್ಟಿದ ದೀಪ ಇಳಿಸುತ್ತಾರೆ. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಯಾರೂ ಇಳಿಯುವುದಿಲ್ಲ.

ನಾನು ಓದಲು ಕಲಿತದ್ದು ಇಂಥದೊಂದು ಹಗೇವಿನ ಮೇಲೆ ಕೂತು.

ನಮ್ಮ ಊರು ಸುರಪುರದ ಹತ್ತಿರ, ಬೋನಾಳ ಕೆರೆಯ ಆಚೆ ದಂಡೆಗೆ. ಊರಗೌಡರ ಹಳೆಯ ಉಗ್ರಾಣವೇ ಶಾಲೆಯಾಗಿತ್ತು. ಒಂದೇ ಉದ್ದನೆಯ ಖೋಲಿ, ಮೇಲೆ ಒಂದು ಗವಾಕ್ಷಿ, ಕೆರೆಯ ಕಡೆಗೊಂದು ಸಣ್ಣ ಕಿಟಕಿ. ಖೋಲಿಯ ನಡುವೆ ನೆಲದಲ್ಲಿ ಹಾಸುಗಲ್ಲು, ಅದರ ಕೆಳಗೆ ಗೌಡರ ಜೋಳ. ಮಾಸ್ತರು ಒಬ್ಬರೇ. ಅವರು ಉರ್ದು ಕಲಿಸುತ್ತಿದ್ದರು, ಕನ್ನಡವನ್ನೂ ಅಷ್ಟಿಷ್ಟು ಹೇಳುತ್ತಿದ್ದರು. ಅವರ ಹೆಂಡತಿ ಖಾಸಿಂಬಿ. ನಾವು ಬೀಬಮ್ಮ ಎನ್ನುತ್ತಿದ್ದೆವು. ಮಕ್ಕಳಿರಲಿಲ್ಲ. ಎತ್ತರದ, ಸಣಕಲು ಹೆಂಗಸು. ಅಂಗೈಯಲ್ಲಿ ಯಾವಾಗಲೂ ಹಿಟ್ಟು.

ನನ್ನನ್ನು ಓದಿಸುವ ಆಸೆ ಮನೆಯಲ್ಲಿ ಯಾರಿಗೂ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ನನಗೂ ಇರಲಿಲ್ಲ. ಅಪ್ಪ ಅವ್ವ ಗೌಡರ ಹೊಲದಲ್ಲಿ ಕೂಲಿ. ತಮ್ಮ ಹಣಮ್ಯಾನನ್ನು ಸೊಂಟದ ಮೇಲೆ ಹೊತ್ತು ಊರು ತಿರುಗುವುದು ನನ್ನ ಉದ್ಯೋಗ. ಒಮ್ಮೆ ಮಧ್ಯಾಹ್ನ ಶಾಲೆಯ ಮುಂದೆ ಹೋಗುವಾಗ ಅಂಬಲಿಯ ವಾಸನೆ ಬಂತು. ಹಸಿದ ಹುಡುಗರು ಪಾಠದ ನಡುವೆ ಕಣ್ಣು ಕತ್ತಲೆ ಬಂದು ಬೀಳುತ್ತಾರೆಂದು ಬೀಬಮ್ಮ ದಿನಾ ಗಡಿಗೆಯಲ್ಲಿ ಜೋಳದ ಅಂಬಲಿ ತಂದು ಹಾಕುತ್ತಿದ್ದಳು. ನಾನು ಬಾಗಿಲಲ್ಲಿ ಕೂತೆ. ಮಾಸ್ತರು ನೋಡಿ ಪಾಠ ಮುಂದುವರಿಸಿದರು. ಮರುದಿನವೂ ಕೂತೆ. ಹಾಗೆ ಬಾಗಿಲಿನಿಂದ ಚೂರು ಚೂರೇ ಒಳಗೆ ಸರಿಯುತ್ತ ಅಕ್ಷರಗಳ ತನಕ ಬಂದೆ. ನನ್ನ ವಿದ್ಯಾಭ್ಯಾಸದ ಕಥೆ ಇಷ್ಟೇ.

ಆಮೇಲೆ ಆ ಗದ್ದಲದ ವರ್ಷ ಬಂತು. ಹೈದರಾಬಾದು ಸಂಸ್ಥಾನ ಇನ್ನೂ ಸೇರಬೇಕಾದಲ್ಲಿ ಸೇರಿರಲಿಲ್ಲ. ಯಾರು ಯಾರನ್ನು ಯಾಕೆ ಹೊಡೆಯುತ್ತಾರೆಂಬುದು ನಮ್ಮಂಥ ಮಕ್ಕಳಿಗೆ ಗೊತ್ತಾಗುತ್ತಿರಲಿಲ್ಲ. ಕುದುರೆಯ ಮೇಲೆ, ನಡೆದು, ಕೈಯಲ್ಲಿ ಬಂದೂಕು ಹಿಡಿದವರು ಊರೂರಿಗೆ ಬರುತ್ತಿದ್ದರು. ಅವರು ಬಂದು ಹೋದ ಊರಿನಲ್ಲಿ ನಾಯಿಗಳೂ ಬೊಗಳುತ್ತಿರಲಿಲ್ಲ. ಗೌಡರು ಮನೆಮಂದಿಯನ್ನೆಲ್ಲ ಗಾಡಿಯಲ್ಲಿ ಹಾಕಿಕೊಂಡು ಕೃಷ್ಣೆ ದಾಟಿ ವಿಜಾಪುರದ ಕಡೆ ಹೋದರು. ಹೋಗುವಾಗ ಗಾಡಿ ನಿಲ್ಲಿಸಿ ಬೀಬಮ್ಮನನ್ನು ಕರೆದು, "ಸಾಲ್ಯಾಗಿನ ಹಗೇವದಾಗ ಜ್ವಾಳ ಅದ. ಕಂಡಾವ್ರು ಒಯ್ಯೂದಕ್ಕಿಂತ ಹುಡುಗ್ರು ಉಣಲಿ" ಎಂದರಂತೆ.

ಗೌಡರು ಹೋದ ಮೇಲೆ ಹೊಲದಲ್ಲಿ ಕೆಲಸವಿಲ್ಲ, ಕೆಲಸವಿಲ್ಲದ ಮೇಲೆ ಕೂಲಿಯಿಲ್ಲ. ಶಾಲೆ ಮುಚ್ಚಬೇಕೆಂದು ಹುಕುಂ ಬಂತು. ಮಾಸ್ತರು ಬಾಗಿಲಿಗೆ ದೊಡ್ಡ ಕೀಲಿ ಹಾಕಿದರು. ಸಂಬಳದ ವಿಚಾರಕ್ಕೆ ಗುಲಬರ್ಗಾಕ್ಕೆ ಹೋಗಿಬರುತ್ತೇನೆಂದು ಹೊರಟವರು ತಿರುಗಿ ಬರಲಿಲ್ಲ. ಅವರು ಎಲ್ಲಿಯ ತನಕ ಹೋದರು, ದಾರಿಯಲ್ಲಿ ಏನಾಯಿತು ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಹೊಟ್ಟೆಯ ಹಸಿವು ಎಂಥದೆಂದು ನಾನು ವರ್ಣಿಸುವುದಿಲ್ಲ. ಹಣಮ್ಯಾ ಗೋಡೆಯ ಮಣ್ಣು ಕೆರೆದು ಬಾಯಿಗಿಡುತ್ತಿದ್ದ, ಅಷ್ಟು ಹೇಳಿದರೆ ಸಾಕು. ಒಂದು ಮುಂಜಾನೆ ಬೀಬಮ್ಮ ನಮ್ಮ ಕೇರಿಗೆ ಬಂದಳು. ಬಳೆ ತೆಗೆದಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅವ್ವನಿಗೆ ಹೇಳಿದಳು: "ಮಧ್ಯಾಹ್ನ ಹುಡುಗ್ರನ್ನ ಸಾಲಿಗಿ ಕಳಸು. ಮುಂದಿನ ಬಾಗಿಲಿಗಿ ಬ್ಯಾಡ, ಕೆರಿ ಕಡಿ ಕಿಟಕ್ಯಾಗಿಂದ ಬರಲಿ. ಆವಾಜ್ ಮಾತ್ರ ಮಾಡಬಾರದು." ಶಾಲೆ ರಸ್ತೆಗೆ ಹೊಂದಿಕೊಂಡೇ ಇತ್ತು. ಅಲ್ಲಿ ಕಾಳಿದೆ, ಕೂಳಿದೆ ಎಂದು ಗೊತ್ತಾದರೆ ಬಂದೂಕಿನವರು ಕಾಳನ್ನೂ ಬಿಡುತ್ತಿರಲಿಲ್ಲ, ಕೊಟ್ಟವಳನ್ನೂ ಬಿಡುತ್ತಿರಲಿಲ್ಲ.

ಮುಚ್ಚಿದ ಶಾಲೆಯೊಳಗೆ ನೀವು ಯಾವತ್ತಾದರೂ ಹೋಗಿದ್ದೀರಾ? ಮಕ್ಕಳಿಲ್ಲದ ಶಾಲೆ ಖಾಲಿ ಮನೆಯಂತಲ್ಲ, ಅದು ಬೇರೆ. ಕಿಟಕಿಯಿಂದ ಇಳಿದಾಗ ಮೊದಲು ಕಂಡದ್ದು ಕಪ್ಪು ಹಲಗೆ. ಮಾಸ್ತರು ಕೊನೆಯ ದಿನ ಬರೆದ ಕೂಡುವ ಲೆಕ್ಕ ಹಾಗೆಯೇ ಇತ್ತು, ಕೆಳಗೆ ಉತ್ತರ ಬರೆದಿರಲಿಲ್ಲ. ಗೂಟಕ್ಕೆ ಅವರ ಟೋಪಿ ನೇತಾಡುತ್ತಿತ್ತು. ಗವಾಕ್ಷಿಯಿಂದ ಬಿದ್ದ ಬಿಸಿಲು ಹಾಸುಗಲ್ಲಿನ ಮೇಲೆ ಬಿಳಿ ರೊಟ್ಟಿಯ ಹಾಗೆ ಕೂತಿತ್ತು. ನಾವು ಸುಮಾರು ಇಪ್ಪತ್ತು, ಮೂವತ್ತು ಮಕ್ಕಳು ಆ ಕಲ್ಲಿನ ಸುತ್ತ ಸಾಲಾಗಿ ಕೂತೆವು. ಬೀಬಮ್ಮ ಮುತ್ತಲ ಎಲೆಯ ದೊನ್ನೆಗೆ ಅಂಬಲಿ ಸುರಿಯುತ್ತ ಹೋದಳು. ನಸುಕಿನಲ್ಲೇ, ಊರಿನ ಒಲೆಗಳೆಲ್ಲ ಹೊತ್ತುವ ಹೊತ್ತಿಗೆ, ಅವಳು ತನ್ನ ಮನೆಯಲ್ಲಿ ಮಾಡಿಟ್ಟು ತರುತ್ತಿದ್ದಳು.

ಮಾತಿಲ್ಲದೆ ಉಣ್ಣುವುದನ್ನು ಅವಳು ನಮಗೆ ಕಲಿಸಿದಳು. ಮೊದಮೊದಲು ಯಾರೋ ಸೊರ್ರೆಂದು ಕುಡಿಯುತ್ತಿದ್ದರು, ಯಾರೋ ಕೆಮ್ಮುತ್ತಿದ್ದರು. ಅವಳು ಬೈಯುತ್ತಿರಲಿಲ್ಲ. ಬೆರಳನ್ನು ತುಟಿಗಿಟ್ಟು ನೋಡುತ್ತಿದ್ದಳು. ಅಂಗೈ ಮೇಲೆತ್ತಿದರೆ ಇನ್ನೂ ಬೇಕೇ ಎಂದು. ಕೈ ಬಾಯಿಗೊಯ್ದು ತೋರಿಸಿದರೆ ಶುರುಮಾಡಿ ಎಂದು. ಕೆಲವೇ ದಿನಗಳಲ್ಲಿ ಹಾಲು ಬಿಟ್ಟ ಕೂಸುಗಳೂ ಕಲಿತವು. ನುಂಗುವ ಸದ್ದೂ ಕೇಳಿಸದಂತೆ ನುಂಗುತ್ತಿದ್ದೆವು. ಹೊರಗೆ ಕೆರೆಯ ಹಕ್ಕಿಗಳು ಕೂಗುತ್ತಿದ್ದವು. ಒಂದೊಂದು ಸಲ ಅವೂ ಒಮ್ಮೆಲೇ ನಿಲ್ಲುತ್ತಿದ್ದವು. ಆಗ ರಸ್ತೆಯಲ್ಲಿ ಯಾರೋ ಬರುತ್ತಿದ್ದಾರೆಂದು ಅರ್ಥ. ಎಲ್ಲರ ಕೈಯೂ ಅರ್ಧದಲ್ಲಿ ನಿಲ್ಲುತ್ತಿತ್ತು. ಹಕ್ಕಿಗಳು ಮತ್ತೆ ಕೂಗಿದರೆ ಎಲ್ಲರ ಕೈಯೂ ಒಟ್ಟಿಗೆ ಬಾಯಿಗೆ ಹೋಗುತ್ತಿತ್ತು.

ಇದು ನಮ್ಮನ್ನು ಮೆಲ್ಲಗೆ ಬದಲು ಮಾಡಿತು. ಮನೆಯಲ್ಲೂ ನಾವು ಮಾತು ಕಡಿಮೆ ಮಾಡಿದೆವು. ಹಣಮ್ಯಾ ಅಳುವುದನ್ನೇ ಬಿಟ್ಟ. ಬಿದ್ದು ಮೊಣಕಾಲು ಒಡೆದುಕೊಂಡರೂ ಬಾಯಿ ತೆರೆಯುತ್ತಿದ್ದ, ಕಣ್ಣಲ್ಲಿ ನೀರು ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ಅವ್ವ ಅವನನ್ನು ಎತ್ತಿಕೊಂಡು ಅಪ್ಪನಿಗೆ ಹೇಳುತ್ತಿದ್ದಳು, ಮಕ್ಕಳ ಹೊಟ್ಟೆ ತುಂಬುತ್ತಿದೆ, ಆದರೆ ಒಳಗಿನಿಂದ ಏನೋ ಹೋಗುತ್ತಿದೆ ಎಂದು. ಊರಲ್ಲಿ ವಿಷಯ ಗೊತ್ತಿದ್ದವರು ನಮ್ಮ ಕೇರಿಯವರಷ್ಟೇ. ಉಳಿದವರಿಗೆ ಶಾಲೆಯ ಬಗ್ಗೆ ಬೇರೆಯೇ ಅನುಮಾನ ಹುಟ್ಟಿತ್ತು. ಕುರಿ ಕಾಯುವವನೊಬ್ಬ, ಕೀಲಿ ಹಾಕಿದ ಬಾಗಿಲ ಸಂದಿನಿಂದ ಬಹಳ ಕಣ್ಣು ನೋಡಿದೆ ಎಂದನಂತೆ. ಅವನು ಮತ್ತೆ ಆ ಕಡೆ ಕುರಿ ಹೊಡೆಯಲಿಲ್ಲ.

ಕೆಲವು ದಿನಕ್ಕೊಮ್ಮೆ ಹಗೇವು ತೆರೆಯಬೇಕಾಗುತ್ತಿತ್ತು. ನಮ್ಮಲ್ಲಿ ದೊಡ್ಡವಳು ಲಚಮವ್ವ, ಹದಿಮೂರೋ ಹದಿನಾಲ್ಕೋ ಇದ್ದೀತು. ಗಟ್ಟಿ ಹುಡುಗಿ. ಅವಳೂ ಬೀಬಮ್ಮನೂ ಸೇರಿ ಕಲ್ಲು ಸರಿಸಿದರೆ ಬಿಳಿ ಬೂದಿ ಹೊಗೆಯ ಹಾಗೆ ಎದ್ದು ನಮ್ಮ ತಲೆ, ಮುಖ, ರೆಪ್ಪೆಗಳ ಮೇಲೆಲ್ಲ ಕೂರುತ್ತಿತ್ತು. ಆಮೇಲೆ ಆ ವಾಸನೆ. ಬೀಬಮ್ಮ ದೀಪ ಇಳಿಸುತ್ತಿದ್ದಳು. ನಾವೆಲ್ಲ ಬಗ್ಗಿ ನೋಡುತ್ತಿದ್ದೆವು. ದೀಪ ಒಮ್ಮೆ ನೀಲಿಯಾಗಿ ಸಣ್ಣದಾಗುತ್ತಿತ್ತು, ಮತ್ತೆ ಎದ್ದು ಉರಿಯುತ್ತಿತ್ತು. ಆಗ ಲಚಮವ್ವ ಕಂಬಕ್ಕೆ ಕಟ್ಟಿದ ಹಗ್ಗ ಹಿಡಿದು ಇಳಿಯುತ್ತಿದ್ದಳು. ಕೆಳಗಿನಿಂದ ಅವಳ ಉಸಿರು ಕೇಳಿಸುತ್ತಿತ್ತು, ಬೇರೆ ಯಾರದೋ ಉಸಿರಿನ ಹಾಗೆ. ಪ್ರತಿ ಸಲ ಹಗ್ಗ ಇನ್ನಷ್ಟು ಉದ್ದ ಬಿಡಬೇಕಾಗುತ್ತಿತ್ತು. ಜೋಳ ಇಳಿಯುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಸೈನ್ಯ ಬಂತು. ಎಲ್ಲ ಮುಗಿಯಿತು, ಇನ್ನು ಭಯವಿಲ್ಲ ಎಂದರು. ಬಂದೂಕಿನವರು ಕಾಣೆಯಾದರು. ಆದರೆ ಭಯ ಊರು ಬಿಟ್ಟು ಹೋಗಲಿಲ್ಲ, ಒಂದು ಮನೆಯಿಂದ ಎದ್ದು ಇನ್ನೊಂದು ಮನೆಗೆ ಹೋಯಿತು. ಈಗ ಬೇರೆ ಹುಡುಗರು ಗುಂಪು ಕಟ್ಟಿಕೊಂಡು ಸೇಡು ತೀರಿಸಲು ತಿರುಗುತ್ತಿದ್ದರು. ಬಂದೂಕು ಹಿಡಿದವನು ಯಾರು, ಪಾಠ ಹೇಳಿದವನು ಯಾರು ಎಂದು ನೋಡುವ ಪುರಸೊತ್ತು ಅವರಿಗಿರಲಿಲ್ಲ. ಹೆಸರು ಕೇಳಿದರೆ ಸಾಕಾಗಿತ್ತು. ಆಚೆ ಊರಲ್ಲಿ ಎರಡು ಮೂರು ಮನೆಗೆ ಬೆಂಕಿ ಬಿತ್ತು. ನಮ್ಮ ಅವ್ವ ಬೀಬಮ್ಮನಿಗೆ, ಯಾದಗಿರಿಯಲ್ಲಿ ನಿನ್ನ ಅಕ್ಕ ಇದ್ದಾಳಲ್ಲ, ಅಲ್ಲಿಗೆ ಹೋಗು ಎಂದು ಬೇಡಿಕೊಂಡಳು. ಗೌಡರು ತಿರುಗಿ ಬಂದು ಹೊಲದ ಕೆಲಸ ಶುರುವಾಗುವ ತನಕ ಹೋಗುವುದಿಲ್ಲ ಎಂದು ಅವಳು ಹೇಳಿದಳಂತೆ. ಹೀಗೆ ಮೊದಲು ನಮ್ಮನ್ನು ಮುಚ್ಚಿಡಲು ಬೇಕಾಗಿದ್ದ ಮೌನ ಈಗ ಅವಳನ್ನು ಮುಚ್ಚಿಡಲು ಬೇಕಾಯಿತು.

ಆ ದಿನ ಮೋಡ ಕವಿದಿತ್ತು. ಹಗೇವು ತೆರೆಯುವ ದಿನ. ಬೀಬಮ್ಮ ಅಂಬಲಿಯ ಗಡಿಗೆ ತಂದಿಟ್ಟು, ಉಣ್ಣಿಸುವ ಮೊದಲು ಕಲ್ಲು ಸರಿಸಿ ಗಾಳಿಯಾಡಲಿ ಎಂದು ಬಿಟ್ಟಿದ್ದಳು. ನಾವು ಬೂದಿ ಮೆತ್ತಿದ ಮುಖ ಹೊತ್ತು, ಮುಂದೆ ಖಾಲಿ ದೊನ್ನೆ ಇಟ್ಟುಕೊಂಡು ಕೂತಿದ್ದೆವು. ಕೆರೆಯ ಹಕ್ಕಿಗಳು ನಿಂತವು. ಮತ್ತೆ ಕೂಗಲಿಲ್ಲ. ಬದಲಿಗೆ ಗಂಡಸರ ಮಾತು ಕೇಳಿಸಿತು. ಅವರಲ್ಲೊಬ್ಬ "ಮಾಸ್ತರನ ಹೆಂಡತಿ" ಎಂದ. ಆಮೇಲೆ ಬಾಗಿಲಿನ ಕೀಲಿಯ ಮೇಲೆ ಕಲ್ಲಿನ ಪೆಟ್ಟು ಬಿತ್ತು.

ಕಿಟಕಿಯ ಕಡೆಯೂ ಯಾರೋ ನಡೆದಾಡುತ್ತಿದ್ದರು. ಬೀಬಮ್ಮ ಒಮ್ಮೆ ನಮ್ಮನ್ನೆಲ್ಲ ನೋಡಿದಳು. ಗಡಿಗೆಯನ್ನು ಕಂಕುಳಲ್ಲಿ ಅವಚಿ ಹಗ್ಗ ಹಿಡಿದು ಹಗೇವಿನೊಳಗೆ ಇಳಿದಳು. ದೀಪ ಇಳಿಸುವಷ್ಟು ಹೊತ್ತಿರಲಿಲ್ಲ. ಲಚಮವ್ವನೂ ನಾವು ನಾಲ್ಕೈದು ಮಕ್ಕಳೂ ಸೇರಿ ಹಗ್ಗ ಮೇಲೆಳೆದುಕೊಂಡು ಕಲ್ಲು ಮುಚ್ಚಿದೆವು, ಮೇಲೆ ಚಾಪೆ ಹಾಸಿದೆವು, ಚಾಪೆಯ ಮೇಲೆ ಲಚಮವ್ವ ಕೂತಳು, ಪಕ್ಕದಲ್ಲಿ ನಾನು, ನನ್ನ ತೊಡೆಯ ಮೇಲೆ ಹಣಮ್ಯಾ. ಬಾಗಿಲು ಬಿರಿಯುವಾಗ ಲಚಮವ್ವ ಕೈಯನ್ನು ಬಾಯಿಗೊಯ್ದು ತೋರಿಸಿದಳು. ಶುರುಮಾಡಿ ಎಂದು.

ನಾವು ಉಣ್ಣತೊಡಗಿದೆವು. ದೊನ್ನೆಯಲ್ಲಿ ಏನೂ ಇರಲಿಲ್ಲ.

ಬಾಗಿಲಲ್ಲಿ ಐದಾರು ಮಂದಿ ನಿಂತಿದ್ದರು. ಕೈಯಲ್ಲಿ ಬಡಿಗೆ, ಕೊಡಲಿ. ಎಲ್ಲರೂ ಎಳೆ ಹುಡುಗರೇ, ಮುಂದಿದ್ದವನಿಗೆ ಮೀಸೆ ಆಗಷ್ಟೇ ಬಂದಿತ್ತು. ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣುಗಳಿಗೆ ನಾವು ಮೆಲ್ಲಗೆ ಕಂಡಿರಬೇಕು. ಅವನು ಒಂದು ಹೆಜ್ಜೆ ಒಳಗಿಟ್ಟು ನಿಂತುಬಿಟ್ಟ. "ಯಾರ ಮಕ್ಕಳು ನೀವು?" ಎಂದು ಕೇಳಿದ. ಎಲ್ಲರ ಕೈಯೂ ಒಟ್ಟಿಗೆ ಖಾಲಿ ದೊನ್ನೆಗೆ ಇಳಿಯಿತು, ಒಟ್ಟಿಗೆ ಬಾಯಿಗೆ ಏರಿತು. ಆತ ಮಾಸ್ತರನ ಹೆಂಡತಿ ಎಲ್ಲಿ ಎಂದು ಕೇಳಿದ. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. ನಾವು ಅವನನ್ನೇ ನೋಡುತ್ತ ಉಣ್ಣುತ್ತಿದ್ದೆವು. ಹಣಮ್ಯಾ ತನ್ನ ಬೆರಳು ನೆಕ್ಕಿ ಅವನ ಕಡೆ ನೋಡಿ ನಕ್ಕ. ಬಿಳಿ ಮುಖ, ಕರಿ ಕಣ್ಣು, ಸದ್ದಿಲ್ಲದ ನಗು. ಅವನ ಅಕ್ಕ ನಾನು, ನನಗೇ ಒಮ್ಮೆ ಮೈ ಜುಮ್ಮೆಂದಿತು.

ಆಗ ಕೆಳಗಿನಿಂದ ಸದ್ದು ಬಂತು. ಢಬ್ ಎಂದು ಒಂದು ಸಲ, ನೆಲದ ಹೊಟ್ಟೆಯೊಳಗಿಂದ. ತಡೆದು ಮತ್ತೊಂದು ಸಲ.

ಮುಂದಿದ್ದವನ ಕೈಯಿಂದ ಕೊಡಲಿ ಬಿತ್ತು. ಅವನು ಹಿಂದಕ್ಕೆ ತಿರುಗಲಿಲ್ಲ, ನಮ್ಮ ಮೇಲಿನ ಕಣ್ಣು ತೆಗೆಯದೆ ಹಿಂದುಹಿಂದಕ್ಕೇ ಸರಿದು ಹೊಸ್ತಿಲು ದಾಟಿದ. ಹೊರಗೆ ಯಾರೋ ದೇವರ ಹೆಸರು ಹೇಳಿದರು. ಆಮೇಲೆ ಓಡುವ ಕಾಲುಗಳು.

ಲಚಮವ್ವ ಏಳಲು ಬಿಡಲಿಲ್ಲ. ತುಟಿಯ ಮೇಲೆ ಬೆರಳಿಟ್ಟುಕೊಂಡು ಕೂತೇ ಇದ್ದಳು. ನಮಗೆಲ್ಲ ಗೊತ್ತಿತ್ತು ಕೆಳಗಿನ ಗಾಳಿ ಎಂಥದೆಂದು. ಮೂರನೆಯ ಸದ್ದು ಬಂದೀತೆಂದು ಕಾದೆವು. ಬರಲಿಲ್ಲ. ಹೊರಗೆ ಮೊದಲ ಹಕ್ಕಿ ಕೂಗಿದ ಮೇಲೆಯೇ ಅವಳು ಎದ್ದದ್ದು. ಚಾಪೆ ಎಳೆದು ಕಲ್ಲು ಸರಿಸಿದೆವು. ಒಳಗೆ ಕತ್ತಲೆ. ದೀಪ ಹಚ್ಚಿ ದಾರದಲ್ಲಿ ಇಳಿಸಿದೆವು. ಅದು ಅರ್ಧ ದಾರಿಯಲ್ಲಿ ನೀಲಿಯಾಯಿತು, ಸಣ್ಣದಾಯಿತು, ಆರಿತು.

ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಬಾಗಿ ಕೂಗಬೇಕೆಂಬುದು ಕೂಡ ಹೊಳೆಯಲಿಲ್ಲ, ಅಷ್ಟು ರೂಢಿಯಾಗಿತ್ತು ಸುಮ್ಮನಿರುವುದು. ಕೊನೆಗೆ ಕೂಗಿದವನು ಹಣಮ್ಯಾ. ಎಷ್ಟೋ ತಿಂಗಳಿಂದ ಅಳುವನ್ನೂ ನುಂಗಿದ್ದ ಹುಡುಗ ಹಗೇವಿನ ಅಂಚಿನಲ್ಲಿ ನಿಂತು "ಬೀಬಮ್ಮ" ಎಂದು ಚೀರಿದ. ಕುಣಿ ಅದನ್ನು ದಪ್ಪ ಮಾಡಿ ತಿರುಗಿ ನಮಗೇ ಕೊಟ್ಟಿತು. ಆಮೇಲೆ ಎಲ್ಲರೂ ಕೂಗಿದೆವು. ನಮ್ಮ ದನಿ ನಮಗೇ ಗುರುತು ಸಿಗಲಿಲ್ಲ. ಆ ಗದ್ದಲದ ನಡುವೆಯೇ ಲಚಮವ್ವ ಹಗ್ಗವನ್ನು ಸೊಂಟಕ್ಕೆ ಬಿಗಿದು, ಉಸಿರು ಹಿಡಿದು, ದೀಪ ಆರಿದಲ್ಲಿಗೆ ಇಳಿದಳು. ನಾವು ಉಳಿದ ಮಕ್ಕಳೆಲ್ಲ ಹಗ್ಗ ಹಿಡಿದು ನಿಂತೆವು. ಅದು ಎರಡು ಸಲ ಜಗ್ಗಿದಾಗ ಎಳೆದೆವು. ಮೊದಲು ಲಚಮವ್ವನ ತಲೆ ಬಂತು. ಅವಳ ತೋಳಿನಲ್ಲಿ ಬೀಬಮ್ಮ.

ಉಸಿರಿತ್ತು. ಬಾಗಿಲ ಬೆಳಕಿನಲ್ಲಿ ಮಲಗಿಸಿ ಮುಖಕ್ಕೆ ನೀರು ಹಾಕಿದೆವು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು. ಸುತ್ತ ಬಗ್ಗಿ ನಿಂತ ಬಿಳಿ ಮುಖಗಳನ್ನು ಒಂದೊಂದಾಗಿ ನೋಡಿದಳು, ಯಾರೆಂದು ತಿಳಿಯದೆ ನೆಲದ ಮೇಲೇ ಹಿಂದಕ್ಕೆ ತೆವಳಿದಳು. ನಮ್ಮ ಬೀಬಮ್ಮನಿಗೇ ನಮ್ಮನ್ನು ಕಂಡು ಹೆದರಿಕೆ. ಆಗ ಹಣಮ್ಯಾ ತನ್ನ ದೊನ್ನೆಯನ್ನು ಅವಳ ಮುಂದೆ ಹಿಡಿದು, "ಹಸಿವಿ ಆಗ್ಯಾದ" ಎಂದ. ಅವಳು ದೊನ್ನೆ ನೋಡಿದಳು, ಅವನನ್ನು ನೋಡಿದಳು. ಸೆರಗಿನಿಂದ ಅವನ ಮುಖದ ಬೂದಿ ಒರೆಸಿದಳು. ಕೆಳಗೆ ಬಿದ್ದಿದ್ದ ಗಡಿಗೆಯನ್ನು ಹಗ್ಗಕ್ಕೆ ಕೊಕ್ಕೆ ಕಟ್ಟಿ ಮೇಲೆಳೆದೆವು. ಅರ್ಧ ಚೆಲ್ಲಿತ್ತು. ಉಳಿದದ್ದನ್ನು ಅವಳೇ ಹಾಕಿದಳು.

ಅದಾದ ಮೇಲೆ ಆ ಗುಂಪು ನಮ್ಮ ಊರಿಗೆ ಕಾಲಿಡಲಿಲ್ಲ. ಬೇರೆ ಗುಂಪೂ ಬರಲಿಲ್ಲ. ಯಾಕೆಂದು ನನಗೆ ಬಹಳ ವರ್ಷ ತಿಳಿಯಲಿಲ್ಲ. ಗೌಡರು ತಿರುಗಿ ಬಂದರು. ತಮ್ಮ ಹಗೇವಿನೊಳಗೆ ಇಣುಕಿ ತಳ ನೋಡಿದರು, ಕಲ್ಲು ಮುಚ್ಚಿಸಿದರು. ಹೊಲದಲ್ಲಿ ಕೆಲಸ ಶುರುವಾದ ವಾರವೇ ಬೀಬಮ್ಮ ಯಾದಗಿರಿಗೆ ಅಕ್ಕನ ಮನೆಗೆ ಹೋದಳು. ನಾವು ಉಣ್ಣುವ ಹೊತ್ತು ನೋಡಿಕೊಂಡೇ ಗಾಡಿ ಹತ್ತಿದಳೆಂದು ಕಾಣುತ್ತದೆ, ಯಾರಿಗೂ ಕಾಣಿಸಲಿಲ್ಲ.

ಶಾಲೆ ಮತ್ತೆ ತೆರೆದಾಗ ಹೊಸ ಮಾಸ್ತರು ಬಂದರು, ಪಾಪ, ಧಾರವಾಡದ ಕಡೆಯ ಮೃದು ಮನುಷ್ಯ. ಮೊದಲ ದಿನ ಮಧ್ಯಾಹ್ನವಾಗುತ್ತಲೇ ನಾವೆಲ್ಲ ಹೇಳದೆ ಕೇಳದೆ ಎದ್ದು ಹಾಸುಗಲ್ಲಿನ ಸುತ್ತ ಸಾಲಾಗಿ ಕೂತು ಬಾಯಿ ಮುಚ್ಚಿ ಅವರನ್ನೇ ನೋಡಿದೆವು. ಅವರು ಹೊರಗೆ ಓಡಿ ದಾರಿಯಲ್ಲಿ ಹೋಗುವವರನ್ನು ಕರೆದರಂತೆ. ವಿಷಯ ತಿಳಿದ ಮೇಲೆ ಗೌಡರ ಮನೆಯಿಂದ ಒಂದು ಗಡಿಗೆ ಅಂಬಲಿ ಬರುವಂತಾಯಿತು. ನಾವು ಉಣ್ಣುವಾಗ ಅವರು, ಮಾತಾಡಿರಪ್ಪಾ, ಏನಾದರೂ ಮಾತಾಡಿರಿ ಎಂದು ಅಂಗಲಾಚುತ್ತಿದ್ದರು. ಮಕ್ಕಳನ್ನು ಮಾತಾಡಿರೆಂದು ಬೇಡಿಕೊಂಡ ಮಾಸ್ತರನನ್ನು ನಾನು ಮತ್ತೆಲ್ಲೂ ಕಾಣಲಿಲ್ಲ. ನಾನಂತೂ ಅಂಥವಳಾಗಲಿಲ್ಲ, ನನ್ನ ಶಿಷ್ಯರನ್ನು ಕೇಳಿ.

ದೊಡ್ಡವಳಾಗಿ ಯಾದಗಿರಿಯಲ್ಲಿ ನೌಕರಿಗೆ ಸೇರಿದಾಗ ಬೀಬಮ್ಮನನ್ನು ಹುಡುಕಿದೆ. ಅವಳ ಅಕ್ಕನ ಮಗಳು ಸಿಕ್ಕಳು. ಖಾಸಿಂಬಿ ಹೋಗಿ ಆಗಲೇ ಕೆಲವು ವರ್ಷವಾಗಿತ್ತು. ಎದೆಯಲ್ಲಿ ಕೆಮ್ಮು ಉಳಿದುಬಿಟ್ಟಿತ್ತಂತೆ. ಕೊನೆಯ ತನಕ ದೀಪ ಆರಿಸಲು ಬಿಡುತ್ತಿರಲಿಲ್ಲವಂತೆ.

ಇಷ್ಟೆಲ್ಲ ಸಿದ್ದಮ್ಮನ ಮೂಟೆಯ ಬಾಯಿಂದ ಬಂತು. ನಾನು ಸುಧಾರಿಸಿಕೊಂಡು ಹೊರಗೆ ಬಂದೆ. ಮಕ್ಕಳು ಗಲಗಲ ಮಾತಾಡುತ್ತ ಸಾಲಿಗೆ ಬರುತ್ತಿದ್ದರು. ಅಂಗಳದ ಬೇವಿನ ಕೆಳಗೆ ಒಬ್ಬ ಮುದುಕ ಶಾಲೆಗೆ ಬೆನ್ನು ಹಾಕಿ ಕೂತಿದ್ದ. ಮೊಮ್ಮಗನನ್ನು ಕರೆತರುತ್ತಾನೆ, ಒಳಗೆ ಮಾತ್ರ ಕಾಲಿಡುವುದಿಲ್ಲ, ಮಕ್ಕಳು ಉಣ್ಣುವ ಕಡೆ ನೋಡುವುದೂ ಇಲ್ಲ ಎಂದು ಸಿದ್ದಮ್ಮ ಹೇಳಿದಳು. ಕಾರಣ ಕೇಳದೆ ಬಿಡುವ ಜಾತಿ ನನ್ನದಲ್ಲ. ಹೋಗಿ ಪಕ್ಕದ ಕಟ್ಟೆಯ ಮೇಲೆ ಕೂತು ಕೇಳಿದೆ.

ಅವನು ಮೊದಲು ನಕ್ಕ. ಆಮೇಲೆ ಸಲೀಸಾಗಿ ಹೇಳಿದ, ಬಹಳ ಸಲ ಹೇಳಿದ ಕಥೆಯ ಹಾಗೆ. ತನ್ನದು ಕೃಷ್ಣಾ ದಂಡೆಯ ಊರು. ಹರೆಯದಲ್ಲಿ, ಆ ಗದ್ದಲದ ಕಾಲದಲ್ಲಿ, ಬೋನಾಳದ ಕಡೆ ಒಂದು ಶಾಲೆಗೆ ಹೋಗಿದ್ದನಂತೆ. ಅಲ್ಲಿ ಸತ್ತ ಮಕ್ಕಳು ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದವು. "ಕೈಯಾಗ ಏನೂ ಇದ್ದಿದ್ದಿಲ್ರಿ ತಾಯಿ. ಬರೇ ಕೈ ಬಾಯಿಗಿ ಹೋಗತಿತ್ತು." ನೆಲದೊಳಗಿಂದ ಏನೋ ಬಡಿಯಿತು. ಅವತ್ತಿನಿಂದ ತಾನು ಯಾರ ಮನೆಯ ಬಾಗಿಲನ್ನೂ ಒಡೆಯಲು ಹೋಗಲಿಲ್ಲ, ಜೊತೆಗಿದ್ದವರೂ ಹೋಗಲಿಲ್ಲ, ಆ ದಾರಿಯಲ್ಲಿ ಹೋಗಬೇಡಿರೆಂದು ಕಂಡವರಿಗೆಲ್ಲ ಹೇಳಿದೆವು ಎಂದ.

ನಾನು ಹೇಳಿದೆ: "ಅವು ಸತ್ತ ಮಕ್ಕಳಲ್ರಿ. ಹಸದ ಮಕ್ಕಳು. ಅದರಾಗ ನಾನೂ ಒಬ್ಬಾಕಿ."

ಅವನು ತಿರುಗಿ ನನ್ನ ಮುಖ ನೋಡಿದ. ನೋಡುತ್ತ ನೋಡುತ್ತ ಅವನ ಕಣ್ಣು ಹರೆಯದವನ ಕಣ್ಣಾಯಿತು, ಬಾಗಿಲಲ್ಲಿ ನಿಂತವನದು. ಕೈ ಚಾಚಿ ನನ್ನ ಮುಂಗೈ ಮುಟ್ಟಿದ, ಹಿಡಿದ, ಬಿಸಿ ಇದೆಯೇ ಎಂದು ನೋಡಿದ. ಕೆಳಗೆ ಬಡಿದದ್ದು ಏನು ಎಂದು ಬಹಳ ಸಣ್ಣ ದನಿಯಲ್ಲಿ ಕೇಳಿದ. ನೀವು ಹುಡುಕುತ್ತಿದ್ದ ಹೆಂಗಸು ಎಂದೆ. ಬದುಕಿದಳೇ ಎಂದು ಕೇಳಿದ. ಬದುಕಿದಳು ಎಂದೆ. ಅವನು ಕೈ ಬಿಡಲಿಲ್ಲ. "ನನ್ನ ಮಕ್ಕಳಿಗಿ, ಮೊಮ್ಮಕ್ಕಳಿಗಿ, ಎಲ್ಲಾರಿಗೂ ಅದನ್ನ ಹೇಳಿಬಿಟ್ಟೀನಿ. ಈಗ ಏನಂತ ಹೇಳ್ಲಿ?" ಎಂದ. ಒಂದು ಹೆದರಿಕೆ ಅವಳನ್ನು ಉಳಿಸಿತ್ತು, ಅವನನ್ನೂ ಉಳಿಸಿತ್ತು. ಅದನ್ನು ಅವನಿಂದ ಕಿತ್ತುಕೊಳ್ಳಬೇಕಿತ್ತೋ ಇಲ್ಲವೋ ಎಂದು ಈಗಲೂ ಯೋಚಿಸುತ್ತೇನೆ. ಅಷ್ಟರಲ್ಲಿ ಮೊಮ್ಮಗ ಕೈ ಒರೆಸಿಕೊಳ್ಳುತ್ತ ಬಂದ. ಮುದುಕ ನನ್ನನ್ನು ತೋರಿಸಿ, ಆ ಸಾಲ್ಯಾಗ ಕೂತಿದ್ದಾಕಿ ಇವರೇ ಎಂದ. ಹುಡುಗನ ಮುಖದ ಬಣ್ಣ ಇಳಿಯಿತು. ತಾತನ ಬೆನ್ನ ಹಿಂದೆ ಸೇರಿದವನು ಕರೆದರೂ ಬರಲಿಲ್ಲ.

ಮರುದಿನ ಹೋದೆ. ಊಟ ಆಗಲೇ ಬಡಿಸಿತ್ತು. ಓಣಿಯ ತಿರುವಿನ ತನಕ ಮಕ್ಕಳ ಗದ್ದಲ ಕೇಳಿಸುತ್ತಿತ್ತು. ನಾನು ಬಾಗಿಲಲ್ಲಿ ನಿಲ್ಲುತ್ತಲೇ ಅದು ನಿಂತಿತು. ಆ ಹುಡುಗ ಎಲ್ಲರಿಗೂ ಹೇಳಿದ್ದ. ಎರಡೂ ಸಾಲಿನ ಮಕ್ಕಳು ತುತ್ತು ಹಿಡಿದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಒಂದು ಕಣ್ಣೂ ಮಿಟುಕಲಿಲ್ಲ. ಬಾಗಿಲಲ್ಲಿ ನಿಂತವರಿಗೆ ಅದು ಹೇಗೆ ಕಾಣುತ್ತದೆಂದು ನನಗೆ ಗೊತ್ತಾಯಿತು. ಒಂದು ಕಾಲು ತಾನಾಗಿಯೇ ಹಿಂದಕ್ಕೆ ಸರಿಯಿತು.

ಸಾಲಿನ ತುದಿಯಲ್ಲಿ ಎರಡು ಜಡೆಯ ಒಂದು ಸಣ್ಣ ಹುಡುಗಿ ಇದ್ದಳು. ಕೊನೆಗೆ ಅವಳೇ ಕೇಳಿದಳು. "ಅಮ್ಮಾರ, ನೀವು ಸಣ್ಣಾಕಿದ್ದಾಗ ಸತ್ತಿದ್ರಂತ, ಖರೇನ್ರಿ?"

"ಇಲ್ಲ ಕೂಸ," ಎಂದೆ, "ನಮಗ ಉಣ್ಣಾಕ ಹಾಕಾಕಿ ಒಬ್ಬಾಕಿ ಇದ್ದಳು."

"ಯಾರ್ರಿ?"

"ಖಾಸಿಂಬಿ ಅಂತ."

ಹುಡುಗಿ ತನ್ನ ತಾಟು ಎಳೆದುಕೊಂಡು ಪಕ್ಕಕ್ಕೆ ಸರಿದು, ನನಗೆ ಕೂರಲು ಜಾಗ ಮಾಡಿದಳು.